ನಮ್ಮ ಪಂಚಾಯಿತಿಯ ನೆರೆ ನಿರ್ವಹಣಾ ಸೇವೆ: ತೆರಿಗೆ ಕಟ್ಟುವವರೊಬ್ಬರ ವಿಮರ್ಶೆ

ಹಾಸನ ಜಿಲ್ಲೆಯ ಮಲೆನಾಡಿನ ಸೆರಗಿನಲ್ಲಿರುವ ಒಂದು ಗ್ರಾಮ ಪಂಚಾಯಿತಿ ತನ್ನ ನಿವಾಸಿಗಳಿಗೆ ಕೊಡುತ್ತಿರುವ ಒಂದೇ ಒಂದು ಸೇವೆಯನ್ನು ಕುರಿತು ಈ ವಿಮರ್ಶೆ ಬರೆಯುತ್ತಿದ್ದೇನೆ. ಮಳೆಗಾಲದಲ್ಲಿ ನೀರು ಮನೆಯೊಳಗೆ ಬಾರದಂತೆ ನೋಡಿಕೊಳ್ಳುವುದು, ಬಂದರೆ ಜನರನ್ನು ಕಾಪಾಡುವುದು, ಇಳಿದ ಮೇಲೆ ಕೆಟ್ಟುಹೋದದ್ದನ್ನು ಸರಿಪಡಿಸುವುದು ಆ ಸೇವೆ. ಪಂಚಾಯಿತಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇಲ್ಲಿ ಹೇಳಲಿರುವ ಕೊರತೆಗಳಲ್ಲಿ ಹೆಚ್ಚಿನವು ಆ ಕಚೇರಿಯ ಮೇಜಿನ ಹಿಂದೆ ಕುಳಿತವರಿಂದ ಆದವಲ್ಲ ಎಂಬುದು ಆರು ಮಳೆಗಾಲಗಳನ್ನು ಗಮನಿಸಿದ ಮೇಲೆ ನನಗೆ ಮನವರಿಕೆಯಾಗಿದೆ. ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವುದೇ ನನ್ನ ಜೀವನದ ಕೆಲಸವಾಗಿದ್ದುದರಿಂದ, ಒಂದು ಕೆಲಸ ಚೆನ್ನಾಗಿ ನಡೆದಾಗಲೂ ಕೆಟ್ಟಾಗಲೂ ನನ್ನ ಕಣ್ಣು ಮೊದಲು ಹೋಗುವುದು ಆ ಕೆಲಸದ ದುಡ್ಡು ಎಲ್ಲಿಂದ ಬಂತು, ಯಾವ ತಿಂಗಳಲ್ಲಿ ಬಂತು ಎಂಬುದರ ಕಡೆಗೆ. ಹಾಗಾಗಿ ಚರಂಡಿಯ ಬಗ್ಗೆ ಹೇಳುವಷ್ಟೇ ಆ ಚರಂಡಿಗೆ ಸಂದ ಹಣದ ಬಗ್ಗೆಯೂ ಇಲ್ಲಿ ಹೇಳುತ್ತೇನೆ.

ನಮ್ಮ ಊರಿನ ನೆಲ ಹೇಗಿದೆ ಎಂಬುದನ್ನು ತಿಳಿಯದೆ ಸೇವೆಯನ್ನು ಅಳೆಯಲಾಗದು. ಮೇಲೆ ಕಾಫಿ ತೋಟಗಳ ಗುಡ್ಡ, ನಡುವೆ ಊರು, ಕೆಳಗೆ ಗದ್ದೆ ಬಯಲು. ಗುಡ್ಡದ ನೀರೆಲ್ಲ ಒಂದು ಹಳ್ಳಕ್ಕೆ ಸೇರುತ್ತದೆ, ಆ ಹಳ್ಳ ಊರಿನ ಕೆಳಗಿನ ಬೀದಿಯನ್ನು ಒಂದು ಮೋರಿಯಡಿ ದಾಟಿ, ಗದ್ದೆಗಳ ನಡುವೆ ಹಾದು ಹೇಮಾವತಿಯನ್ನು ಕೂಡುತ್ತದೆ. ನನ್ನ ಮನೆಯೂ ಮನೆಗೆ ಅಂಟಿಕೊಂಡ ಸಣ್ಣ ಮಳಿಗೆಯೂ ಆ ಮೋರಿಯಿಂದ ನಲವತ್ತು ಹೆಜ್ಜೆ ದೂರದಲ್ಲಿವೆ. ಇಲ್ಲಿಗೆ ನೀರು ಎರಡು ದಾರಿಯಲ್ಲಿ ಬರುತ್ತದೆ. ಒಂದು, ಗುಡ್ಡದ ಮೇಲೆ ಒಮ್ಮೆಲೇ ಹೊಡೆದ ಮಳೆ ಮೋರಿಯಲ್ಲಿ ಹಿಡಿಸದೆ ರಸ್ತೆಯ ಮೇಲೆ ಹರಿಯುವುದು. ಇನ್ನೊಂದು, ಮೂಡಿಗೆರೆ ಕಡೆಯಿಂದ ಹೇಮಾವತಿಯೇ ತುಂಬಿ ಬಂದಾಗ ಹಳ್ಳದ ನೀರಿಗೆ ಹೊರಹೋಗಲು ಜಾಗವಿಲ್ಲದೆ ಅದು ಹಿಮ್ಮೆಟ್ಟಿ ಬೀದಿಗೆ ಏರುವುದು. ಮೊದಲನೆಯದು ಎರಡು ಮೂರು ಗಂಟೆಯಲ್ಲಿ ಇಳಿಯುತ್ತದೆ, ಮೋರಿ ದೊಡ್ಡದಿದ್ದರೆ ತಪ್ಪಿಸಲೂಬಹುದು. ಎರಡನೆಯದಕ್ಕೆ ಯಾವ ಮೋರಿಯೂ ಔಷಧವಲ್ಲ, ಹೊತ್ತಿಗೆ ಮುಂಚೆ ಸುದ್ದಿ ಸಿಕ್ಕಿ ಸಾಮಾನು ಮೇಲೆತ್ತಿಟ್ಟು ಎದ್ದು ಹೋಗುವುದೊಂದೇ ದಾರಿ. ಪಂಚಾಯಿತಿಯ ಸೇವೆಯನ್ನು ಟೀಕಿಸುವ ನಮ್ಮ ಬೀದಿಯ ಅನೇಕರು ಈ ಎರಡನ್ನೂ ಒಂದೇ ಎಂದು ತಿಳಿದು ಮಾತಾಡುವುದು ನನಗೆ ಸರಿಕಾಣುವುದಿಲ್ಲ.

ಮಳೆಗಾಲಕ್ಕೆ ಮುಂಚಿನ ಕೆಲಸದಿಂದ ಶುರು ಮಾಡುತ್ತೇನೆ, ಏಕೆಂದರೆ ಸೇವೆಯ ಅತ್ಯುತ್ತಮ ಭಾಗ ಅದೇ. ಕೃತ್ತಿಕಾ ಮಳೆಯ ಹನಿ ಬಿದ್ದು ನೆಲ ಮೆತ್ತಗಾಗುವ ಹೊತ್ತಿಗೆ, ಅಂದರೆ ಮೇ ತಿಂಗಳ ಮಧ್ಯದಲ್ಲಿ, ಪಂಚಾಯಿತಿ ಹಳ್ಳದ ಮೇಲ್ಭಾಗದ ಹೂಳು ತೆಗೆಸುತ್ತದೆ. ಎರಡು ದಿನ ಜೆಸಿಬಿ, ಜೆಸಿಬಿಯ ಬಕೆಟ್ ತಲುಪದ ಕಡೆ ಆರು ಜನ ಆಳುಗಳು, ಮೋರಿಯೊಳಗೆ ತೆವಳಿ ಹೋಗಿ ಕಸ ಎಳೆಯುವ ಪಂಚಾಯಿತಿಯ ನೀರುಗಂಟಿ. ಗುಡ್ಡ ಕಡಿದು ಮನೆ, ರಸ್ತೆ, ವಸತಿಗೃಹಗಳಿಗೆ ಜಾಗ ಮಾಡುವುದು ಹೆಚ್ಚಾದ ಮೇಲೆ ಮೊದಲ ಎರಡು ಮಳೆಗೇ ಕೆಂಪು ಮಣ್ಣು ಇಳಿದು ಚರಂಡಿ ಅರ್ಧ ತುಂಬುತ್ತದೆ. ಅದಕ್ಕಾಗಿ ಜುಲೈ ಆರಂಭದಲ್ಲಿ ಇನ್ನೊಮ್ಮೆ ಕೈಯಿಂದ ತೆಗೆಸುತ್ತಾರೆ. ಈ ಎರಡನೇ ಸುತ್ತು ನಡೆದ ವರ್ಷ ನಮ್ಮ ಬೀದಿಗೆ ಸಾಧಾರಣ ಮಳೆಯಲ್ಲಿ ನೀರು ಬಂದದ್ದಿಲ್ಲ. ನಡೆಯದ ಒಂದು ವರ್ಷ ದೊಡ್ಡ ಮಳೆಯೇ ಇಲ್ಲದೆಯೂ ಮಳಿಗೆಯ ಹೊಸ್ತಿಲು ಮುಟ್ಟಿತು.

ಆ ಹೂಳೆತ್ತುವ ಖರ್ಚು ಎಲ್ಲಿಂದ ಬರುತ್ತದೆ ಎಂದು ಕೇಳಿ ನೋಡಿದಾಗ ನನಗೆ ಆಶ್ಚರ್ಯವಾಯಿತು. ಅದು ಬೆಂಗಳೂರಿನಿಂದಲೂ ಬಂದದ್ದಲ್ಲ, ದೆಹಲಿಯಿಂದಲೂ ಬಂದದ್ದಲ್ಲ. ಊರಿನವರು ಕಟ್ಟುವ ಮನೆ ಕಂದಾಯ, ಮಳಿಗೆ ಬಾಡಿಗೆ, ಪರವಾನಗಿ ಶುಲ್ಕಗಳು ಸೇರುವ ಸ್ವಂತ ಸಂಪನ್ಮೂಲದ ಖಾತೆಯಿಂದ, ಕಚೇರಿಯಲ್ಲಿ ಎಲ್ಲರೂ ವರ್ಗ ಒಂದು ಎಂದು ಕರೆಯುವ ಖಾತೆಯಿಂದ ಬಂದದ್ದು. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993 ಪಂಚಾಯಿತಿಗೆ ಕೊಟ್ಟಿರುವ ತೆರಿಗೆ ಹಾಕುವ ಅಧಿಕಾರದ ಫಲ ಆ ಖಾತೆ. ಅದರಲ್ಲಿ ಪರಿಶಿಷ್ಟ ಜಾತಿ, ಪಂಗಡಗಳಿಗೂ ಅಂಗವಿಕಲರಿಗೂ ಮೀಸಲಿಡಬೇಕಾದ ಪಾಲು ತೆಗೆದ ಮೇಲೆ ಉಳಿಯುವುದು ಕಡಿಮೆ, ಆದರೆ ಆ ಉಳಿದ ದುಡ್ಡಿಗೆ ಬೇರೆ ಯಾವ ಅನುದಾನಕ್ಕೂ ಇಲ್ಲದ ಗುಣವೊಂದಿದೆ. ಪಂಚಾಯಿತಿಯೇ ತೀರ್ಮಾನಿಸಿ, ಬೇಕಾದ ವಾರದಲ್ಲಿ ಖರ್ಚು ಮಾಡಬಹುದು. ನಮ್ಮ ಬೀದಿಯನ್ನು ಪ್ರತಿ ವರ್ಷ ಕಾಪಾಡುತ್ತಿರುವುದು ಈ ಪುಟ್ಟ ಮೊತ್ತ. ಕಂದಾಯ ಕಟ್ಟದೆ ಮೂರು ನಾಲ್ಕು ವರ್ಷ ಬಾಕಿ ಉಳಿಸಿಕೊಂಡ ಮನೆಗಳು ನಮ್ಮ ಊರಿನಲ್ಲಿ ಕಡಿಮೆಯೇನಿಲ್ಲ. ಕರವಸೂಲಿಗೆ ಬಂದವರನ್ನು ನಾಳೆ ಬನ್ನಿ ಎಂದು ಕಳಿಸುವಾಗ ಅವರು ಕಳಿಸುತ್ತಿರುವುದು ಮೇ ತಿಂಗಳ ಜೆಸಿಬಿಯನ್ನು ಎಂದು ನಾನು ನೆರೆಹೊರೆಯವರಿಗೆ ನೇರವಾಗಿಯೇ ಹೇಳಿದ್ದೇನೆ.

ಉಳಿದ ಹಣದ ಕಥೆ ಬೇರೆ. ಪಂಚಾಯಿತಿಗೆ ಬರುವ ದೊಡ್ಡ ಮೊತ್ತ ಕೇಂದ್ರ ಹಣಕಾಸು ಆಯೋಗದ ಅನುದಾನ. ಹದಿನೈದನೇ ಹಣಕಾಸು ಆಯೋಗ 2021ರಿಂದ 2026ರವರೆಗಿನ ಐದು ವರ್ಷಕ್ಕೆ ದೇಶದ ಎಲ್ಲ ಸ್ಥಳೀಯ ಸಂಸ್ಥೆಗಳಿಗೆ ಒಟ್ಟು 4,36,361 ಕೋಟಿ ರೂಪಾಯಿ ಶಿಫಾರಸು ಮಾಡಿತು, ಅದರಲ್ಲಿ ಗ್ರಾಮೀಣ ಸಂಸ್ಥೆಗಳ ಪಾಲು 2,36,805 ಕೋಟಿ. ಕೇಳಲು ದೊಡ್ಡ ಸಂಖ್ಯೆ. ಆದರೆ ಆ ಅವಧಿಯಲ್ಲಿ ಪಂಚಾಯಿತಿಯ ಕೈಗೆ ಬರುತ್ತಿದ್ದ ಪ್ರತಿ ನೂರು ರೂಪಾಯಿಯಲ್ಲಿ ಅರವತ್ತು ರೂಪಾಯಿ ನಿರ್ಬಂಧಿತ, ಎಂದರೆ ಗೊತ್ತುಮಾಡಿದ ಬಾಬ್ತಿಗೇ ಬಳಸಬೇಕಾದದ್ದು. ಮೂವತ್ತು ನೈರ್ಮಲ್ಯಕ್ಕೆ, ಮೂವತ್ತು ಕುಡಿಯುವ ನೀರು, ಮಳೆನೀರು ಕೊಯ್ಲು ಮತ್ತು ನೀರಿನ ಮರುಬಳಕೆಗೆ. ಉಳಿದ ನಲವತ್ತು ಅನಿರ್ಬಂಧಿತವಾದರೂ ಅದನ್ನು ಸಂಬಳಕ್ಕೂ ಕಚೇರಿಯ ಆಡಳಿತ ವೆಚ್ಚಕ್ಕೂ ಬಳಸುವಂತಿರಲಿಲ್ಲ. ಬಚ್ಚಲು ನೀರಿನ ಇಂಗುಗುಂಡಿಗೆ ಮೊದಲ ಅರವತ್ತರಲ್ಲಿ ಜಾಗವಿತ್ತು. ಗುಡ್ಡದ ಮಳೆನೀರನ್ನು ಊರಿನಾಚೆ ದಾಟಿಸುವ ಮೋರಿಯನ್ನು ಅಲ್ಲಿ ಹೊಂದಿಸುವುದು ಕಷ್ಟವಾಗಿತ್ತು, ಅದು ಆ ನಲವತ್ತರಲ್ಲಿ ಒಳರಸ್ತೆ, ಶಾಲೆಯ ಕಾಂಪೌಂಡು, ಸ್ಮಶಾನದ ದಾರಿ, ಬಸ್ ತಂಗುದಾಣ ಇವುಗಳ ಜೊತೆ ಪೈಪೋಟಿಗೆ ನಿಲ್ಲಬೇಕಾಗಿತ್ತು. ಪ್ರತಿ ವಾರ್ಡಿನ ಸದಸ್ಯರಿಗೂ ಒಂದೊಂದು ಕೆಲಸ ಬೇಕಿರುವಾಗ, ಕೆಳಗಿನ ಬೀದಿಯ ಮೋರಿ ಪಟ್ಟಿಯಲ್ಲಿ ಕೆಳಕ್ಕೇ ಇಳಿಯುತ್ತಿತ್ತು.

ಕಾಲದ ವಿಚಾರವೂ ಇದೆ. ಈ ಅನುದಾನ ವರ್ಷಕ್ಕೆ ಎರಡು ಕಂತಿನಲ್ಲಿ, ಜೂನ್ ಮತ್ತು ಅಕ್ಟೋಬರ್‌ನಲ್ಲಿ ಕೇಂದ್ರದಿಂದ ಬಿಡುಗಡೆಯಾಗಬೇಕೆಂದು ಆ ಅವಧಿಯಲ್ಲಿ ನಿಯಮವಿತ್ತು. ರಾಜ್ಯ ಅದನ್ನು ಹತ್ತು ಕೆಲಸದ ದಿನಗಳೊಳಗೆ ಸ್ಥಳೀಯ ಸಂಸ್ಥೆಗಳಿಗೆ ವರ್ಗಾಯಿಸಬೇಕಾಗಿತ್ತು, ತಡವಾದರೆ ಬಡ್ಡಿ ಸೇರಿಸಿ ಕೊಡಬೇಕಾಗಿತ್ತು. ನಿಯಮ ಅಕ್ಷರಶಃ ಪಾಲನೆಯಾದರೂ ಮೊದಲ ಕಂತು ಊರು ತಲುಪುತ್ತಿದ್ದುದು ಮೃಗಶಿರಾ ಮಳೆ ಹಿಡಿದ ಮೇಲೆ, ಆರಿದ್ರಾ ಎದುರಿಗಿರುವಾಗ. ಆಗ ಹಳ್ಳದಲ್ಲಿ ಕಾಂಕ್ರೀಟ್ ಹಾಕುವವರಾರು? ಎರಡನೇ ಕಂತು ಅಕ್ಟೋಬರ್‌ನಲ್ಲಿ ಬಂದರೆ, ತೋಟದಲ್ಲಿ ಕಾಫಿ ಕೊಯ್ಲಿನ ತಯಾರಿ, ಗದ್ದೆಯಲ್ಲಿ ಭತ್ತದ ಕೆಲಸ, ಕೂಲಿಗೆ ಜನ ಸಿಗದ ಕಾಲ. ಕ್ರಿಯಾ ಯೋಜನೆ, ಅಂದಾಜುಪಟ್ಟಿ, ತಾಂತ್ರಿಕ ಮಂಜೂರಾತಿ, ಟೆಂಡರು ಎಲ್ಲ ಮುಗಿದು ಕೆಲಸ ಶುರುವಾಗುವಾಗ ಮಾರ್ಚಿಯ ವರ್ಷಾಂತ್ಯ ಬಂದಿರುತ್ತದೆ, ಆತುರದಲ್ಲಿ ಹಾಕಿದ ಕಾಂಕ್ರೀಟಿಗೆ ಸರಿಯಾಗಿ ನೀರುಣಿಸದೆ ಮೊದಲ ಮಳೆಗೇ ಅಂಚು ಉದುರುತ್ತದೆ. ಇಲ್ಲಿಯ ಮಳೆ ನಕ್ಷತ್ರದ ಲೆಕ್ಕದಲ್ಲಿ ಬರುತ್ತದೆ, ದುಡ್ಡು ಹಣಕಾಸು ವರ್ಷದ ಲೆಕ್ಕದಲ್ಲಿ ಬರುತ್ತದೆ, ಈ ಎರಡು ಪಂಚಾಂಗಗಳು ನಾನು ನೋಡಿದ ಆರು ವರ್ಷದಲ್ಲಿ ಒಮ್ಮೆಯೂ ಕೂಡಿಬರಲಿಲ್ಲ.

ರಾಜ್ಯ ಸರ್ಕಾರದ ಶಾಸನಬದ್ಧ ಅನುದಾನದ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಕ್ಕಿಲ್ಲ. ಅದರ ಬಹುಪಾಲು ಸಿಬ್ಬಂದಿಯ ವೇತನ, ಬೀದಿದೀಪ ಮತ್ತು ನೀರಿನ ಪಂಪುಗಳ ವಿದ್ಯುತ್ ಬಿಲ್ಲಿಗೆ ಹೋಗುತ್ತದೆ. ಉದ್ಯೋಗ ಖಾತ್ರಿಯಲ್ಲಿ ಗದ್ದೆ ಬಯಲಿನ ಕಾಲುವೆಯ ಹೂಳನ್ನು ಒಂದು ಬೇಸಿಗೆ ಚೊಕ್ಕವಾಗಿ ತೆಗೆಸಿದರು. ಕೂಲಿಗೇ ಶೇ 60 ಹೋಗಬೇಕೆಂಬ ಆ ಯೋಜನೆಯ ನಿಯಮ ಇಂಥ ಮಣ್ಣಿನ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು, ಪೈಪು, ಸಿಮೆಂಟು ಬೇಕಾದ ಕೆಲಸಕ್ಕೆ ಹೊಂದುತ್ತಿರಲಿಲ್ಲ.

ಇನ್ನು ನೀರು ಬಂದ ರಾತ್ರಿಯ ಸೇವೆ. 2024ರ ಜುಲೈಯಲ್ಲಿ, ಪುನರ್ವಸು ಮಳೆ ಮುಗಿಯುವ ಹೊತ್ತಿಗೆ, ನಮ್ಮ ಭಾಗದಲ್ಲಿ ಮಳೆ ಹೊಯ್ದ ಪರಿಯನ್ನು ಸಕಲೇಶಪುರ, ಮೂಡಿಗೆರೆ ಕಡೆಯ ಯಾರೂ ಮರೆತಿರಲಾರರು. ದೋಣಿಗಾಲ್ ಬಳಿ ಹೆದ್ದಾರಿಯ ಮಣ್ಣು ಜಾರುತ್ತಿತ್ತು, ಸಕಲೇಶಪುರದಲ್ಲಿ ಹೊಳೆಮಲ್ಲೇಶ್ವರನ ಗುಡಿಗೆ ಹೇಮಾವತಿ ನುಗ್ಗಿದ್ದಳು, ತಿಂಗಳ ಕೊನೆಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ರೈಲು ಹಳಿಯಡಿಯ ನೆಲವೇ ಕುಸಿಯಿತು. ಪುನರ್ವಸು ಮುಗಿಯುವ ವಾರದ ಒಂದು ರಾತ್ರಿ ನಮ್ಮ ಬೀದಿಗೆ ನೀರು ಬಂತು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇರುವುದರಿಂದ ಮೇಲ್ಭಾಗದಲ್ಲಿ ಎಷ್ಟು ಮಳೆಯಾಗಿದೆ ಎಂಬ ಮಾಹಿತಿ ಪಂಚಾಯಿತಿಗೆ ಸಂಜೆಯೇ ತಲುಪಿತ್ತು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), ಗ್ರಾಮ ಆಡಳಿತಾಧಿಕಾರಿ, ವಾರ್ಡಿನ ಸದಸ್ಯೆ ಮೂವರೂ ಕತ್ತಲಾಗುವ ಮುಂಚೆ ಮನೆಮನೆಗೆ ಬಂದು ಹೋದರು. ರಾತ್ರಿ ಹನ್ನೊಂದರ ಹೊತ್ತಿಗೆ ಮೋರಿಯ ಬಾಯಿಗೆ ಮರದ ಕೊಂಬೆ ಸಿಕ್ಕಿಕೊಂಡಾಗ ನೀರುಗಂಟಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು ಕಡಿದರು. ಶಾಲೆಯಲ್ಲಿ ಕಾಳಜಿ ಕೇಂದ್ರ ತೆರೆದು, ವಯಸ್ಸಾದವರನ್ನು ಪಂಚಾಯಿತಿಯ ಕಸದ ವಾಹನವನ್ನೇ ತೊಳೆದು ಸಜ್ಜುಮಾಡಿ ಅದರಲ್ಲಿ ಕೂರಿಸಿಕೊಂಡು ಹೋದರು. ಬಿಸಿ ಅನ್ನ, ಸಾರು, ಹೊದಿಕೆ, ಔಷಧಿ ಎಲ್ಲವೂ ಇತ್ತು. ಈ ಭಾಗಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ ಆ ಮನುಷ್ಯನಿಗೆ ಸರಿಯಾದ ಜೀವರಕ್ಷಕ ಜಾಕೆಟ್ಟು, ಹಣೆದೀಪ, ಗಮ್‌ಬೂಟು ಇರಲಿಲ್ಲ ಎಂಬುದನ್ನು ಮಾತ್ರ ಸೇರಿಸಲೇಬೇಕು. ಅವುಗಳನ್ನು ಕೊಳ್ಳಲು ಯಾವ ಶೀರ್ಷಿಕೆಯಡಿ ಖರ್ಚು ಹಾಕಬೇಕೆಂದು ಕಚೇರಿಯಲ್ಲಿ ಯಾರಿಗೂ ಖಚಿತವಿರಲಿಲ್ಲ.

ಖಚಿತವಿಲ್ಲದಿರುವುದಕ್ಕೆ ಕಾರಣ ಕಾನೂನಿನ ರಚನೆಯಲ್ಲೇ ಇದೆ. ವಿಪತ್ತು ನಿರ್ವಹಣಾ ಅಧಿನಿಯಮ, 2005ರ 41ನೇ ಪ್ರಕರಣ ಸ್ಥಳೀಯ ಪ್ರಾಧಿಕಾರಗಳಿಗೆ ಕರ್ತವ್ಯಗಳನ್ನು ಸ್ಪಷ್ಟವಾಗಿ ಹೇರುತ್ತದೆ: ಸಿಬ್ಬಂದಿಗೆ ತರಬೇತಿ ಇರಬೇಕು, ಸಲಕರಣೆಗಳು ಕೂಡಲೇ ಬಳಸುವಂತಿರಬೇಕು, ತನ್ನ ವ್ಯಾಪ್ತಿಯ ಕಟ್ಟಡ ಕಾಮಗಾರಿಗಳು ವಿಪತ್ತು ತಡೆಯುವ ಮಾನದಂಡಕ್ಕೆ ಹೊಂದಿರಬೇಕು, ಪರಿಹಾರ ಹಾಗೂ ಪುನರ್ನಿರ್ಮಾಣದ ಕೆಲಸ ಮಾಡಬೇಕು. ಆದರೆ ಅದೇ ಕಾಯ್ದೆಯಡಿ ಹುಟ್ಟಿದ ರಾಜ್ಯ ವಿಪತ್ತು ಪರಿಹಾರ ನಿಧಿಯ ದುಡ್ಡು ಪಂಚಾಯಿತಿಯ ಖಾತೆಗೆ ಬರುವುದಿಲ್ಲ. ಅದು ಜಿಲ್ಲಾಧಿಕಾರಿಗಳ, ತಹಶೀಲ್ದಾರರ ಪಿ.ಡಿ. (ವೈಯಕ್ತಿಕ ಠೇವಣಿ) ಖಾತೆಯಲ್ಲಿರುತ್ತದೆ. ಕೆಲಸದ ಹೊಣೆ ನಮ್ಮ ಊರಿನ ಕಚೇರಿಯದು, ಥೈಲಿ ತಾಲ್ಲೂಕು ಕೇಂದ್ರದಲ್ಲಿ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು, ಜಿಲ್ಲಾ ಪಂಚಾಯಿತಿಯ ಅಧ್ಯಕ್ಷರು ಸಹ ಅಧ್ಯಕ್ಷರಾಗಬೇಕು ಎಂದು ಕಾಯ್ದೆ ಹೇಳುತ್ತದೆ. ಜನ ಆರಿಸಿದವರ ದನಿ ಆ ಸಭೆಯಲ್ಲಿರಲಿ ಎಂಬ ಆಶಯ ಅದರ ಹಿಂದಿದೆ. ಕರ್ನಾಟಕದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯದೆ, ಆ ಸಹ ಅಧ್ಯಕ್ಷರ ಕುರ್ಚಿಯಲ್ಲಿ ಕೂರಲು ಚುನಾಯಿತರೇ ಇಲ್ಲವಾದರು. ನಮ್ಮ ಮೋರಿಯ ಅರ್ಜಿಯನ್ನು ಹಿಡಿದು ಜಿಲ್ಲಾ ಮಟ್ಟದಲ್ಲಿ ವಾದಿಸಬೇಕಾಗಿದ್ದ ಸದಸ್ಯ ನಮಗೆ ಇರಲಿಲ್ಲ. ಈ ಸೇವೆಯ ಅತಿ ದೊಡ್ಡ ಬಿರುಕು ಇದೇ ಎಂದು ನಾನು ಭಾವಿಸುತ್ತೇನೆ.

ನಿಧಿಯ ಒಳಹಂಚಿಕೆಯನ್ನೂ ನೋಡಬೇಕು. ಹದಿನೈದನೇ ಹಣಕಾಸು ಆಯೋಗ 2021–26ರ ಅವಧಿಗೆ ಎಲ್ಲ ರಾಜ್ಯಗಳ ವಿಪತ್ತು ನಿಧಿಗಳಿಗೆಂದು ಸೂಚಿಸಿದ ಒಟ್ಟು ಮೊತ್ತ 1,60,153 ಕೋಟಿ ರೂಪಾಯಿ. ಕರ್ನಾಟಕದಂಥ ರಾಜ್ಯದಲ್ಲಿ ಇದರ ಮುಕ್ಕಾಲು ಪಾಲು ಕೇಂದ್ರದ್ದು, ಕಾಲು ಪಾಲು ರಾಜ್ಯದ್ದು. ಆ ಅವಧಿಯಲ್ಲಿ ಪರಿಹಾರ ನಿಧಿಗೆ ಕೇಂದ್ರದ ಪಾಲು ಬರಬೇಕಾಗಿದ್ದುದು ಜೂನ್ ಮತ್ತು ಡಿಸೆಂಬರ್‌ನಲ್ಲಿ. ಆಯೋಗದ ಸೂತ್ರದಂತೆ ನೂರು ರೂಪಾಯಿಯಲ್ಲಿ ನಲವತ್ತು ತಕ್ಷಣದ ಪರಿಹಾರಕ್ಕೆ, ಮೂವತ್ತು ಚೇತರಿಕೆ ಮತ್ತು ಪುನರ್ನಿರ್ಮಾಣಕ್ಕೆ, ಹತ್ತು ಪೂರ್ವಸಿದ್ಧತೆಗೆ, ಇಪ್ಪತ್ತು ಅಪಾಯವನ್ನೇ ತಗ್ಗಿಸುವ ಉಪಶಮನ ನಿಧಿಗೆ. ನೀರು ಬರುವ ಮುಂಚೆ ಖರ್ಚು ಮಾಡಬಹುದಾದದ್ದು ಕೊನೆಯ ಆ ಎರಡು ಬಾಬ್ತು, ಎಂದರೆ ಮೂವತ್ತು ರೂಪಾಯಿ. ಹಿಂದೆ ಉಪಶಮನಕ್ಕೆಂದು ಹೀಗೆ ಬೇರೆ ತೆಗೆದಿಟ್ಟ ಪಾಲೇ ಇರಲಿಲ್ಲ, ಹಾಗಾಗಿ ಇದು ಒಳ್ಳೆಯ ಹೆಜ್ಜೆ ಎಂದೇ ಹೇಳುತ್ತೇನೆ. ಆದರೆ ಆ ಮೂವತ್ತರಲ್ಲಿ ಒಂದು ರೂಪಾಯಿಯಾದರೂ ನಮ್ಮ ಹಳ್ಳದ ಬಳಿ ಖರ್ಚಾದದ್ದನ್ನು ನಾನು ಕಂಡಿಲ್ಲ. ಉಪಶಮನದ ಯೋಜನೆ ದೊಡ್ಡ ಗಾತ್ರದಲ್ಲಿ, ಜಿಲ್ಲಾ ಮಟ್ಟದ ಪ್ರಸ್ತಾವವಾಗಿ ಮೇಲೆ ಹೋಗಬೇಕು. ನಮ್ಮ ಬೀದಿಯ ಸಣ್ಣ ಮೋರಿಗೆ ಅಷ್ಟು ದೂರದ ಪ್ರಯಾಣ ಮಾಡುವ ಶಕ್ತಿ ಇಲ್ಲ.

ಆ ಮೋರಿಯ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ. 2019ರ ಆಗಸ್ಟ್‌ನಲ್ಲಿ, ಆಶ್ಲೇಷ ಮಳೆಯ ಆ ಭೀಕರ ವಾರದಲ್ಲಿ, ಪಕ್ಕದ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡ ಕುಸಿದು ಮನೆಗಳೇ ಹೋದವು. ಅದರ ಮುಂದೆ ನಮ್ಮ ನಷ್ಟ ಸಣ್ಣದು. ನಮ್ಮಲ್ಲಿ ಮೋರಿ ಕಿತ್ತುಹೋಗಿ ರಸ್ತೆ ಬಾಯ್ಬಿಟ್ಟಿತು, ಹನ್ನೊಂದು ಮನೆಗಳಿಗೆ ನೀರು ನುಗ್ಗಿತು. ಮಹಜರು ಬೇಗ ನಡೆಯಿತು, ಪರಿಹಾರದ ಹಣ ನೇರವಾಗಿ ಬ್ಯಾಂಕ್ ಖಾತೆಗೆ ಬಂತು, ಯಾರೂ ಕೈ ಚಾಚಲಿಲ್ಲ. ಮೋರಿಯನ್ನೂ ವಿಪತ್ತು ನಿಧಿಯಿಂದಲೇ ಕಟ್ಟಿದರು. ಆದರೆ ಕಿತ್ತುಹೋದದ್ದು 600 ಮಿಲಿಮೀಟರ್ ವ್ಯಾಸದ ಹ್ಯೂಮ್ ಪೈಪು (ಕಾಂಕ್ರೀಟ್ ಕೊಳವೆ), ಮತ್ತೆ ಹಾಕಿದ್ದೂ 600 ಮಿಲಿಮೀಟರ್ ಪೈಪು. ನಾನು ಕೆಲಸದ ಜಾಗದಲ್ಲೇ ನಿಂತು ಕೇಳಿದಾಗ ಸಿಕ್ಕ ಉತ್ತರ, ಪರಿಹಾರ ನಿಧಿಯಲ್ಲಿ ಹಾನಿಯಾದದ್ದರ ತುರ್ತು ದುರಸ್ತಿಗೆ ಅವಕಾಶವಿದೆ, ಇದ್ದದ್ದಕ್ಕಿಂತ ದೊಡ್ಡದು ಮಾಡಲು ಅವಕಾಶವಿಲ್ಲ ಎಂಬುದು. ಕೆಲಸ ಮಾಡಿಸುತ್ತಿದ್ದ ಕಿರಿಯ ಇಂಜಿನಿಯರ್ ಇದನ್ನು ಹೇಳುವಾಗ ಅವರ ಮುಖದಲ್ಲೂ ಸಂಕಟವಿತ್ತು.

600ರ ಬದಲು 900 ಮಿಲಿಮೀಟರ್ ಪೈಪು ಹಾಕಿದ್ದರೆ ಏನಾಗುತ್ತಿತ್ತು ಎಂಬುದು ಸರಳ ಲೆಕ್ಕ. ವ್ಯಾಸ ಒಂದೂವರೆ ಪಟ್ಟು ಆಗುತ್ತದೆ, ಬಾಯಿಯ ವಿಸ್ತೀರ್ಣ ಎರಡೂಕಾಲು ಪಟ್ಟು ಆಗುತ್ತದೆ, ಪೈಪಿನ ಗೋಡೆಗೆ ತಾಗಿ ನಿಧಾನವಾಗುವ ನೀರಿನ ಪ್ರಮಾಣ ಕಡಿಮೆಯಾಗುವುದರಿಂದ ಅದೇ ಇಳಿಜಾರಿನಲ್ಲಿ ತುಂಬಿ ಹರಿಯುವಾಗ ಸಾಗುವ ನೀರು ಹೆಚ್ಚುಕಡಿಮೆ ಮೂರು ಪಟ್ಟಾಗುತ್ತದೆ. ಅಗೆತ, ಕೂಲಿ, ರಸ್ತೆ ಮುಚ್ಚಿದ ತೊಂದರೆ ಎರಡಕ್ಕೂ ಒಂದೇ, ಹೆಚ್ಚಾಗುವುದು ಪೈಪಿನ ಬೆಲೆ ಮತ್ತು ಸ್ವಲ್ಪ ಕಾಂಕ್ರೀಟು. ಆ ವ್ಯತ್ಯಾಸವನ್ನು ಭರಿಸುವ ಖಾತೆ ಯಾವುದೂ ಸಿಗದೆ, 2024ರ ಜುಲೈಯಲ್ಲಿ ಅದೇ ಬೀದಿಯ ಅದೇ ಮನೆಗಳಿಗೆ ಮತ್ತೆ ನೀರು ಬಂತು, ಮತ್ತೆ ಮಹಜರು ಆಯಿತು, ಮತ್ತೆ ಪರಿಹಾರ ಹಂಚಿದರು. ಪೈಪು ದೊಡ್ಡದಾದರೆ ಕೆಳಗಿನ ಗದ್ದೆಗಳಿಗೆ ನೀರು ಇನ್ನೂ ಬೇಗ, ಇನ್ನೂ ಜೋರಾಗಿ ಇಳಿಯುತ್ತದೆ ಎಂಬ ಗದ್ದೆಯವರ ಆತಂಕವೂ ನ್ಯಾಯವಾದದ್ದೇ. ಅದಕ್ಕೆ ಗದ್ದೆ ಬಯಲಿನ ಕಾಲುವೆಯನ್ನೂ ಜೊತೆಗೇ ಅಗಲ ಮಾಡಬೇಕು, ಮೋರಿಯನ್ನೊಂದನ್ನೇ ನೋಡಿದರೆ ಸಾಲದು. ಆದರೆ ಮೋರಿ ಒಂದು ಕಚೇರಿಗೆ, ಹಳ್ಳ ಇನ್ನೊಂದಕ್ಕೆ, ಕಾಲುವೆ ಮತ್ತೊಂದಕ್ಕೆ ಸೇರಿದೆ.

ಈ ವಿಷಯ ಓದುತ್ತಾ ಇಂಗ್ಲೆಂಡಿನ ವ್ಯವಸ್ಥೆಯೊಂದು ಗಮನಕ್ಕೆ ಬಂತು. ಅಲ್ಲಿ 2007ರ ನೆರೆಯ ನಂತರ ಸರ್ ಮೈಕೆಲ್ ಪಿಟ್ ಅವರ ವಿಚಾರಣೆ ನಡೆದು, 2010ರಲ್ಲಿ ನೆರೆ ಮತ್ತು ನೀರು ನಿರ್ವಹಣೆಗೆಂದೇ ಒಂದು ಕಾಯ್ದೆ ಬಂತು. ಮಳೆನೀರು, ಅಂತರ್ಜಲ, ಸಣ್ಣ ಹಳ್ಳಗಳಿಂದ ಬರುವ ನೆರೆಯ ಹೊಣೆಯನ್ನು ಅದು ಕೌಂಟಿ ಮಟ್ಟದ ಸ್ಥಳೀಯ ಕೌನ್ಸಿಲ್‌ಗಳಿಗೆ ವಹಿಸಿತು. ಅಲ್ಲಿಯೂ ಕೌನ್ಸಿಲ್‌ಗಳಿಗೆ ಈ ಕೆಲಸದ ದುಡ್ಡು ಬಹುಪಾಲು ಸಾಮಾನ್ಯ ಅನುದಾನದಲ್ಲಿ ಬೆರೆತೇ ಬರುತ್ತದೆ, ಮಕ್ಕಳ ಆರೈಕೆ, ವೃದ್ಧರ ಆರೈಕೆಯ ಖರ್ಚುಗಳ ಜೊತೆ ಪೈಪೋಟಿ ಮಾಡಬೇಕಾಗುತ್ತದೆ. ಹಾಗಾಗಿ ಅವರ ಕಷ್ಟವೂ ನಮ್ಮದನ್ನು ಹೋಲುತ್ತದೆ. ಆದರೆ ಆ ಕಾಯ್ದೆಯ 19ನೇ ಪ್ರಕರಣ ನನಗೆ ಬಹಳ ಹಿಡಿಸಿತು. ನೆರೆ ಬಂದಾಗ, ಅಗತ್ಯವೆಂದು ಕಂಡಷ್ಟರ ಮಟ್ಟಿಗೆ, ಅದರ ಹೊಣೆ ಯಾವ ಯಾವ ಸಂಸ್ಥೆಯದು, ಆ ಸಂಸ್ಥೆಗಳು ಏನು ಮಾಡಿದವು, ಏನು ಮಾಡಲಿವೆ ಎಂಬುದನ್ನು ಕೌನ್ಸಿಲ್ ವಿಚಾರಿಸಿ, ಫಲಿತಾಂಶವನ್ನು ಪ್ರಕಟಿಸಬೇಕು. ನಮ್ಮಲ್ಲಿ ಮಹಜರು ಎಷ್ಟು ಹಾನಿಯಾಯಿತೆಂದು ಬರೆಯುತ್ತದೆ, ಏಕೆ ಆಯಿತೆಂದು ಬರೆಯುವುದಿಲ್ಲ. ಎರಡು ಪುಟದ ಅಂಥದೊಂದು ವರದಿ 2019ರಲ್ಲೇ ಬಂದಿದ್ದರೆ ಪೈಪಿನ ಅಳತೆಯ ಪ್ರಶ್ನೆ ಐದು ವರ್ಷ ಕಾಯಬೇಕಾಗಿರಲಿಲ್ಲ.

ನದಿ ತುಂಬಿದಾಗಿನ ಮುನ್ಸೂಚನೆಯ ಬಗ್ಗೆ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ನಾವು ಹೇಮಾವತಿಯ ಗೊರೂರು ಅಣೆಕಟ್ಟೆಗಿಂತ ಮೇಲಿರುವವರು, ಮಳೆಯೇ ನಮ್ಮ ಸೂಚನೆ. 37.103 ಟಿಎಂಸಿ ಸಾಮರ್ಥ್ಯದ ಆ ಜಲಾಶಯ ತುಂಬಿ ಗೇಟು ತೆರೆದಾಗ ತೊಂದರೆಗೀಡಾಗುವ ಹೊಳೆನರಸೀಪುರ ಕಡೆಯ ನದಿದಂಡೆಯವರಿಗೂ, ಕಾವೇರಿಯ ನೀರು ಏರುವ ರಾಮನಾಥಪುರದವರಿಗೂ ಬೇಕಾದ ಸೇವೆ ಬೇರೆಯೇ ಆದದ್ದು. ಈ ವಿಮರ್ಶೆಯನ್ನು ಅಲ್ಲಿಗೆ ಅನ್ವಯಿಸಿ ಓದಬಾರದು.

ಐದು ಅಂಕಗಳಲ್ಲಿ ಅಳೆಯುವುದಾದರೆ ಮಳೆಗಾಲಕ್ಕೆ ಮುಂಚಿನ ಹೂಳೆತ್ತುವಿಕೆಗೆ ನಾಲ್ಕು, ನೆರೆಯ ರಾತ್ರಿಯ ನೆರವಿಗೆ ಐದು, ಪರಿಹಾರದ ಹಣ ಹಂಚಿಕೆಗೆ ನಾಲ್ಕು, ಶಾಶ್ವತ ದುರಸ್ತಿಗೆ ಒಂದು, ಮಾಹಿತಿ ಕೊಡುವುದಕ್ಕೆ ಎರಡು. ಕೊನೆಯದಕ್ಕೆ ಎರಡು ಕೊಡಲು ಕಾರಣವಿದೆ. ಪಂಚಾಯಿತಿಯ ಕ್ರಿಯಾ ಯೋಜನೆ, ಹಣಕಾಸು ಆಯೋಗದ ಅನುದಾನದಲ್ಲಿ ಮಾಡಿದ ಪಾವತಿ ಇವೆಲ್ಲ ಇ-ಗ್ರಾಮ್‌ಸ್ವರಾಜ್ ಜಾಲತಾಣದಲ್ಲಿ ಯಾರು ಬೇಕಾದರೂ ನೋಡುವಂತಿವೆ, ಇದು ಮೆಚ್ಚಬೇಕಾದ ವಿಷಯ. ಆದರೆ ವಿಪತ್ತು ನಿಧಿಯಿಂದ ನಮ್ಮ ಪಂಚಾಯಿತಿ ವ್ಯಾಪ್ತಿಯಲ್ಲಿ ಆದ ಖರ್ಚು ಪಂಚಾಯಿತಿಯ ಪುಸ್ತಕದಲ್ಲೇ ಇಲ್ಲ, ಅದಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಿಡಿದು ತಾಲ್ಲೂಕು ಕೇಂದ್ರಕ್ಕೆ ಅಲೆಯಬೇಕಾಯಿತು. ಒಂದೇ ಬೀದಿಯ ಒಂದೇ ನೀರಿಗೆ ಎರಡು ಕಡೆ ಲೆಕ್ಕ ಇರುವಾಗ, ಗ್ರಾಮ ಸಭೆಯಲ್ಲಿ ಕೂತವರಿಗೆ ಒಟ್ಟು ಎಷ್ಟು ಖರ್ಚಾಯಿತು, ಅದರಲ್ಲಿ ಎಷ್ಟನ್ನು ಮೊದಲೇ ಖರ್ಚು ಮಾಡಿದ್ದರೆ ಉಳಿಯುತ್ತಿತ್ತು ಎಂದು ಕೂಡಿಸಿ ಹೇಳುವವರೇ ಇಲ್ಲ.

ಬೇರೆ ಊರಿನ ಓದುಗರಿಗೆ ನನ್ನ ಅನುಭವದಿಂದ ಹೇಳಬಹುದಾದದ್ದು ಒಂದಿದೆ. ಮುಂದಿನ ವರ್ಷದ ಯೋಜನೆಗಾಗಿ ನಡೆಯುವ ವಾರ್ಡ್ ಸಭೆ, ಗ್ರಾಮ ಸಭೆಗಳು ಅಕ್ಟೋಬರ್ 2ರ ನಂತರ ಶುರುವಾಗುತ್ತವೆ, ಮಳೆ ನಿಂತು ಜನ ನೆರೆಯನ್ನು ಮರೆಯುವ ಕಾಲವೂ ಅದೇ. ನಮ್ಮ ಬೀದಿಯವರು 2024ರಲ್ಲಿ ಮೊದಲ ಬಾರಿಗೆ ಒಟ್ಟಾಗಿ ಹೋದೆವು, ಹದಿನಾಲ್ಕು ಮನೆಯಿಂದ ಇಪ್ಪತ್ತಮೂರು ಜನ, ಗದ್ದೆಯವರನ್ನೂ ಕರೆದುಕೊಂಡು. ಬಾಕಿ ಕಂದಾಯವನ್ನೆಲ್ಲ ಆ ವಾರವೇ ಕಟ್ಟಿ ರಸೀದಿ ಹಿಡಿದು ಹೋಗಿದ್ದೆವು. ಮೋರಿಯನ್ನು 900 ಮಿಲಿಮೀಟರ್ ಪೈಪಿಗೆ ಬದಲಿಸುವುದು ಮತ್ತು ಅದರ ಕೆಳಗಿನ ಕಾಲುವೆಯನ್ನು ಅಗಲಿಸುವುದು ಅನಿರ್ಬಂಧಿತ ಅನುದಾನದ ಪಟ್ಟಿಯಲ್ಲಿ ಸೇರಿತು. ಮೇಲಿನ ವಾರ್ಡಿನ ಸದಸ್ಯರೊಬ್ಬರು ತಮ್ಮ ರಸ್ತೆಯನ್ನು ಒಂದು ವರ್ಷ ಮುಂದಕ್ಕೆ ಹಾಕಲು ಒಪ್ಪಿದ್ದರಿಂದಲೇ ಅದು ಸಾಧ್ಯವಾಯಿತು, ಅವರಿಗೆ ನಾನು ಋಣಿ. ನೀರುಗಂಟಿಗೆ ಜೀವರಕ್ಷಕ ಜಾಕೆಟ್ಟು, ಹಣೆದೀಪ, ಗಮ್‌ಬೂಟುಗಳನ್ನು ವರ್ಗ ಒಂದರಿಂದ ಕೊಂಡರು. ಅದರ ವೋಚರನ್ನು ಮರುವರ್ಷದ ಜಮಾಬಂದಿಯಲ್ಲಿ, ಅಂದರೆ ಊರವರ ಮುಂದೆ ಪಂಚಾಯಿತಿಯ ಲೆಕ್ಕ ನೋಡುವ ಸಭೆಯಲ್ಲಿ, ಓದಿ ಹೇಳಿದಾಗ ಸಭೆಯಲ್ಲಿದ್ದವರು ಚಪ್ಪಾಳೆ ತಟ್ಟಿದರು.

ಮೋರಿಯ ಕೆಲಸ ಇನ್ನೂ ಆಗಿಲ್ಲ. ಅಂದಾಜುಪಟ್ಟಿ ಸಿದ್ಧವಾಗಿದೆ, ತಾಂತ್ರಿಕ ಮಂಜೂರಾತಿ ಬಾಕಿಯಿದೆ. ನನ್ನ ಮಳಿಗೆಯ ಗೋಡೆಯ ಮೇಲೆ 2019ರ ನೀರಿನ ಮಟ್ಟಕ್ಕೂ 2024ರ ಮಟ್ಟಕ್ಕೂ ಬಣ್ಣದಲ್ಲಿ ಎರಡು ಗೆರೆ ಎಳೆದಿಟ್ಟಿದ್ದೆ. ಕಿರಿಯ ಇಂಜಿನಿಯರ್ ಟೇಪು ಹಿಡಿದು ಬಂದು, ರಸ್ತೆಯ ಮಟ್ಟದಿಂದ ಎರಡನ್ನೂ ಅಳೆದು ಬರೆದುಕೊಂಡು ಹೋದರು. ಆ ಅಳತೆಗಳು ಈಗ ಅಂದಾಜುಪಟ್ಟಿಯ ಎರಡನೇ ಪುಟದಲ್ಲಿವೆ. ಮಂಜೂರಾತಿ ಬಂದು ಪೈಪು ಇಳಿದ ದಿನ, ಶಾಶ್ವತ ದುರಸ್ತಿಗೆ ಕೊಟ್ಟಿರುವ ಆ ಒಂದು ಅಂಕವನ್ನು ಇಲ್ಲಿಯೇ ತಿದ್ದುತ್ತೇನೆ.